ಸಿಆರ್‌ಪಿಯನ್ನು ತರಗತಿಗೆ ಮರಳಿಸಿ



ಸಿಆರ್‌ಪಿಗಳಿಂದ, ಅಂದರೆ ಅಕ್ಕಪಕ್ಕದ ಶಾಲೆಗಳ ಶಿಕ್ಷಕರಿಗೆ ನೆರವಾಗಬೇಕಾದ ಸಮೂಹ ಸಂಪನ್ಮೂಲ ವ್ಯಕ್ತಿಗಳಿಂದ, ಶಾಲೆಗೇನು ಪ್ರಯೋಜನ, ಆ ಹುದ್ದೆ ತೆಗೆದು ಅವರನ್ನೆಲ್ಲ ಪಾಠಕ್ಕೆ ಕಳಿಸಬಾರದೇ ಎಂಬ ಮಾತು ಶಿಕ್ಷಕರ ನಡುವೆ ಆಗಾಗ ಕೇಳಿಬರುತ್ತದೆ. ಮೂವತ್ತು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ದುಡಿದ ನನಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಪರಿಹಾರವನ್ನು ನಾನು ಒಪ್ಪುವುದಿಲ್ಲ.

ನಾನು ಚಿಕ್ಕ ಮಕ್ಕಳ ನಲಿಕಲಿ ತರಗತಿ ನಡೆಸುತ್ತಿದ್ದ ದಿನಗಳಲ್ಲಿ 42ರಿಂದ 17 ಕಳೆಯಲು ಕೊಟ್ಟರೆ ನನ್ನ ಅರ್ಧಕ್ಕರ್ಧ ಮಕ್ಕಳು 35 ಎಂದು ಬರೆಯುತ್ತಿದ್ದರು. ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ನೂರು ಸಲ ಹೇಳಿದ್ದೆ, ಗದರಿಯೂ ಇದ್ದೆ. ಆಗಿನ ನಮ್ಮ ಸಿಆರ್‌ಪಿ ಒಂದು ಬೆಳಿಗ್ಗೆ ಬಂದವರು ಕುರ್ಚಿ ಬೇಡವೆಂದು ಮಕ್ಕಳ ಜೊತೆ ಚಾಪೆಯ ಮೇಲೆ ಕುಳಿತರು. ಒಬ್ಬ ಹುಡುಗನನ್ನು ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿ ಸುಮ್ಮನೆ ಆಲಿಸಿದರು. ಪಾಠ ಮುಗಿದ ಮೇಲೆ ಜಗುಲಿಯಲ್ಲಿ, ‘ಮೇಡಂ, ಅವನು ಎರಡು ಕಡೆಯೂ ದೊಡ್ಡದರಿಂದಲೇ ಚಿಕ್ಕದನ್ನು ಕಳೀತಿದಾನೆ. ಹತ್ತರ ಕಟ್ಟು ಬಿಚ್ಚಿಸಿ ನೋಡೋಣ್ವಾ?’ ಎಂದರು. ಮುಂದಿನ ವಾರ ಕಡ್ಡಿಗಳ ಕಟ್ಟು ಹಿಡಿದು ತಾವೇ ಪಾಠ ಮಾಡಿದರು, ನಾನು ಹಿಂದೆ ಕೂತು ನೋಡಿದೆ. ಅದರ ಮುಂದಿನ ವಾರ ನಾನು ಮಾಡಿದೆ, ಅವರು ನೋಡಿದರು. ಎಷ್ಟೋ ತರಬೇತಿಗಳ ಸಭಾಂಗಣದಲ್ಲಿ ಕೂತರೂ ಸಿಗದಿದ್ದದ್ದು ಆ ಮೂರು ಭೇಟಿಯಲ್ಲಿ ನನಗೆ ಸಿಕ್ಕಿತು.

ಆದರೆ ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಸಿಆರ್‌ಪಿ ಬಂದರೆ ಮೊದಲು ತೆರೆಯುತ್ತಿದ್ದದ್ದು ಬಿಸಿಯೂಟದ ದಾಖಲೆ. ಆಮೇಲೆ ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ತಂತ್ರಾಂಶದ ನಮೂದು, ಒಂದು ಫೋಟೊ, ಸಂದರ್ಶನ ಪುಸ್ತಕದಲ್ಲಿ ಸಹಿ. ಅಷ್ಟರಲ್ಲಿ ‘ತುರ್ತು ಮಾಹಿತಿ, ಮಧ್ಯಾಹ್ನದೊಳಗೆ ಕಳಿಸಿ’ ಎಂದು ಮೇಲಿನ ಕಚೇರಿಯಿಂದ ಅವರ ಮೊಬೈಲಿಗೆ ಸಂದೇಶ. ಪಾಪ, ಅವರೂ ನಮ್ಮಂತೆಯೇ ಶಿಕ್ಷಕರು, ಪರೀಕ್ಷೆ ಬರೆದು ಆಸೆಯಿಂದ ಆ ಹುದ್ದೆಗೆ ಬಂದವರು. 1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದಡಿ (ಡಿಪಿಇಪಿ) ಅವರು ಕೆಲಸ ಮಾಡುವ ಸಮೂಹ ಸಂಪನ್ಮೂಲ ಕೇಂದ್ರಗಳು ಹುಟ್ಟಿದ್ದು ಶಿಕ್ಷಕರಿಗೆ ಹತ್ತಿರದಲ್ಲೇ ಶೈಕ್ಷಣಿಕ ನೆರವು ಸಿಗಲಿ ಎಂದು. ಈಗ ಅವು ಅಂಕಿಅಂಶ ಸಾಗಿಸುವ ಅಂಚೆಪೆಟ್ಟಿಗೆಗಳಾಗಿವೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನನ್ನ ಪಾಠ ನೋಡಿದವರೇ ನನ್ನ ಲೋಪದ ವರದಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಡುವುದಾದರೆ ‘ಭಿನ್ನರಾಶಿ ಕಲಿಸಲು ನನಗೆ ಕಷ್ಟ’ ಎಂದು ಯಾವ ಶಿಕ್ಷಕಿ ಬಾಯಿ ಬಿಟ್ಟಾಳು? ಅವರು ಬರುವ ದಿನಕ್ಕೆಂದೇ ಚೆನ್ನಾಗಿ ಬರುವ ಪಾಠವನ್ನು ಎತ್ತಿಕೊಳ್ಳುತ್ತಾಳೆ, ಜಾಣ ಮಕ್ಕಳನ್ನೇ ಎಬ್ಬಿಸುತ್ತಾಳೆ. ನಾನೂ ಹಾಗೆ ಮಾಡಿದ್ದೇನೆ. ಆ ದಿನ ಅತ್ಯಂತ ನಷ್ಟವಾಗುವುದು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತ ಮಗುವಿಗೆ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆ ಬೇಕೆನ್ನುತ್ತದೆ. ಆ ಗಂಟೆಗಳೆಲ್ಲ ಸಭಾಂಗಣದಲ್ಲೋ ಮೊಬೈಲ್ ವಿಡಿಯೊದಲ್ಲೋ ಕಳೆದರೆ ತರಗತಿಗೆ ಬರುವುದು ಅಲ್ಪವೇ. ಇದನ್ನು ತೋರಿಸುವ ಒಂದು ಅಧ್ಯಯನವಿದೆ: ದಕ್ಷಿಣ ಆಫ್ರಿಕಾದಲ್ಲಿ ಸೆಟ್ಸ್ವಾನಾ ಭಾಷೆಯ ಓದು ಕಲಿಸುವ ಶಿಕ್ಷಕರ ಒಂದು ಗುಂಪಿಗೆ ಒಂದೆಡೆ ಸೇರಿಸಿ ತರಬೇತಿ ಕೊಟ್ಟರು. ಇನ್ನೊಂದು ಗುಂಪಿಗೆ ಮಾರ್ಗದರ್ಶಕರು ಶಾಲೆಗೇ ಹೋಗಿ ನೆರವಾದರು. ಎರಡು ವರ್ಷದ ಬಳಿಕ ನೋಡಿದರೆ, ಇಂಥ ಯಾವ ನೆರವೂ ಇಲ್ಲದ ಶಾಲೆಗಳಿಗೆ ಹೋಲಿಸಿದಾಗ ಎರಡನೆಯ ಗುಂಪಿನ ಮಕ್ಕಳ ಓದಿನಲ್ಲಾದ ಹೆಚ್ಚುವರಿ ಪ್ರಗತಿ ಮೊದಲ ಗುಂಪಿನದರ ಸುಮಾರು ಎರಡು ಪಟ್ಟು.

ಹಾಗಾಗಿ ಶಿಕ್ಷಣ ಇಲಾಖೆ ಒಂದು ಕೆಲಸ ಮಾಡಲಿ: ದಾಖಲೆ, ಮಾಹಿತಿ, ತಪಾಸಣೆಯನ್ನು ಸಿಆರ್‌ಪಿಗಳಿಂದ ಕಳಚಿ ಕಚೇರಿ ಸಿಬ್ಬಂದಿಗೆ ವಹಿಸಲಿ. ಹಿಂದಿನ ಸರ್ವ ಶಿಕ್ಷಾ ಅಭಿಯಾನದ ಮಾನದಂಡದಲ್ಲಿ 18 ಶಾಲೆಗಳವರೆಗೆ ಒಬ್ಬ ಸಿಆರ್‌ಪಿ ಎಂದಿತ್ತು. ಆ ಲೆಕ್ಕದಲ್ಲಿ ದಿನಕ್ಕೊಂದು ಶಾಲೆ ಎಂದರೂ ತಿಂಗಳಲ್ಲಿ ಒಂದು ಸುತ್ತು ಮುಗಿದು, ಹೆಚ್ಚು ನೆರವು ಬೇಕಾದ ಕಡೆ ಮರಳಿ ಹೋಗಲು ಕೆಲವು ದಿನ ಉಳಿಯುತ್ತವೆ. ಪಾಠ ನೋಡಿ ಅವರು ಬರೆದ ಟಿಪ್ಪಣಿ ಆ ಶಿಕ್ಷಕಿಯ ಕೈಗೆ ಮಾತ್ರ ಸೇರಲಿ.

ಇಂತಿ,
ನಿವೃತ್ತ ಶಿಕ್ಷಕಿ,
ತುಮಕೂರು ಜಿಲ್ಲೆ