ಬ್ಯಾಟರಿ ಸೈಕಲ್ಲಿಗೆ ಗಡಿಯಾರದ ಕಾವಲು ಸಾಲದು

ತೋಟಕ್ಕೂ ಸಂಘಕ್ಕೂ ಓಡಾಡಲು ಬ್ಯಾಟರಿ ಸೈಕಲ್ ಇಟ್ಟುಕೊಂಡ ಸದಸ್ಯರು ರಾತ್ರಿ ಪ್ಲಗ್ ಸಿಕ್ಕಿಸಿ ಮಲಗುತ್ತಾರೆ, ಬೆಳಿಗ್ಗೆ ಕೀಳುತ್ತಾರೆ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿ ಬಿಸಿಯಲ್ಲಿ ಕೂತಷ್ಟೂ ಬೇಗ ಮುದಿಯಾಗುತ್ತದೆ. ಆದುದರಿಂದ ಚಾರ್ಜರಿಗೂ ಬ್ಯಾಟರಿಗೂ ನಡುವೆ ಕಂಟ್ರೋಲರ್ ಒಂದನ್ನು ಜೋಡಿಸುವುದು ಒಳ್ಳೆಯದೇ. ಅಗ್ಗದ ಟೈಮರ್ ಸಾಕೆನ್ನುವವರ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ಕರೆಂಟು ಹೇಳದೆ ಹೋಗಿ ಕೇಳದೆ ಬರುವ ಕಡೆ ಹೊತ್ತು ಅಳೆದು ಪ್ರಯೋಜನವಿಲ್ಲ. ಬ್ಯಾಟರಿಯ ವೋಲ್ಟೇಜ್ ನೋಡಿ ಕಡಿಯುವಂಥದ್ದೇ ಬೇಕು.

48 ವೋಲ್ಟ್ ಎಂದು ಬರೆದುದೆಲ್ಲ ಒಂದೇ ಅಲ್ಲ. ಸಾಲಾಗಿ 13 ಸೆಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿ 54.6 ವೋಲ್ಟಿಗೆ ತುಂಬುತ್ತದೆ, 16 ಸೆಲ್ಲಿನ ಐರನ್ ಫಾಸ್ಫೇಟ್ 58.4ಕ್ಕೆ. ಮೊದಲನೆಯದನ್ನು 53.3ಕ್ಕೆ ನಿಲ್ಲಿಸಿದರೆ ಸೆಲ್ಲಿಗೆ 4.1 ವೋಲ್ಟ್ ಬೀಳುತ್ತದೆ. ಆಯಸ್ಸಿಗೆ ಅದು ಹಿತ. ಆಗೊಮ್ಮೆ ಈಗೊಮ್ಮೆ ಪೂರ್ತಿ ತುಂಬಿಸಲೂ ಬೇಕು, ಸೆಲ್ಲುಗಳು ಸರಿತೂಗುವುದು ಸಾಮಾನ್ಯವಾಗಿ ಆ ತುದಿಯಲ್ಲೇ.

ನಮ್ಮ ದೊಡ್ಡ ತಕರಾರು ಕಂಟ್ರೋಲರಿನ ರಿಲೇ ಮೇಲೆ. ‘10 ಆಂಪಿಯರ್, 250 ವೋಲ್ಟ್ ಎ.ಸಿ.’ ಎಂದು ಓದಿ ಕೊಳ್ಳುವವರು ಕೆಳಗಿನ ಸಾಲನ್ನು ಓದುವುದಿಲ್ಲ. ಅಲ್ಲಿ ‘30 ವೋಲ್ಟ್ ಡಿ.ಸಿ.’ ಎಂದಿರುತ್ತದೆ. ನಮ್ಮ ಮನೆಯ ಎ.ಸಿ. ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುವುದರಿಂದ ಕಿಡಿ ಆರುತ್ತದೆ. ಡಿ.ಸಿ.ಗೆ ಆ ಗುಣವಿಲ್ಲ. ಎಲ್ಲಾದರೂ ಶಾರ್ಟ್ ಆದ ಹೊತ್ತಿನಲ್ಲಿ ರಿಲೇಯ ಬಿಂದುಗಳು ಬೆಸೆದುಕೊಂಡರೆ ಕಡಿಯಬೇಕಾದದ್ದೇ ಕಡಿಯದು. ಫ್ಯೂಸಿನ ಕಥೆಯೂ ಅಷ್ಟೆ. ಕಾರಿನ ಸಾಮಾನ್ಯ ಫ್ಯೂಸ್ 32 ವೋಲ್ಟಿನದು. 58 ವೋಲ್ಟಿಗೂ ಮೇಲಿನ ಡಿ.ಸಿ. ಫ್ಯೂಸನ್ನು ಪ್ಲಸ್ ವಯರಿನಲ್ಲಿ, ಬ್ಯಾಟರಿಗೆ ಹತ್ತಿರವೇ ಹಾಕಿಸಿ. ವೋಲ್ಟೇಜ್ ಅಳೆಯುವ ವಯರನ್ನೂ ಬ್ಯಾಟರಿಯ ಕಡೆಯಿಂದಲೇ ತನ್ನಿ, ಚಾರ್ಜರಿನ ಕಡೆಯಿಂದ ಬೇಡ. ಪ್ಯಾಕನ್ನು ಬಿಚ್ಚುವ ಗೋಜಿಗೆ ಹೋಗಬಾರದು.

ಇನ್ನು ಬಿಸಿಲಿನ ಮಾತು. ಕೊಯ್ಲಿಗೆ ರಾಯಚೂರು ಕಡೆಯಿಂದ ಬರುವವರು ಇಂಥದೊಂದನ್ನು ಇಲ್ಲಿ ಜೋಡಿಸಿಕೊಂಡು ಮಸ್ಕಿ ಸೀಮೆಯ ವಳಕಮದಿನ್ನಿಗೆ ಒಯ್ದರೆನ್ನಿ. ಇಲ್ಲಿ ಮಳೆಯ ಪಸೆಗೆ ಹೆದರಬೇಕಾದ ಪೆಟ್ಟಿಗೆ ಅಲ್ಲಿ ಬೇಸಗೆಯ 40 ಡಿಗ್ರಿ ದಾಟಿದ ಕಾವನ್ನು ತಾಳಬೇಕು. ಲಿಥಿಯಂ ಅಯಾನ್ ಬ್ಯಾಟರಿಯನ್ನು 45 ಡಿಗ್ರಿ ಮೀರಿದಾಗ ಚಾರ್ಜ್ ಮಾಡಬಾರದೆಂಬುದು ಸಾಮಾನ್ಯ ನಿಯಮ. ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಅದು ಸುಲಭವಾಗಿ ಮೀರುತ್ತದೆ. ವೋಲ್ಟೇಜ್ ಮಾತ್ರ ಬಲ್ಲ ಕಂಟ್ರೋಲರಿಗೆ ಸೆಕೆ ತಿಳಿಯದು. ಅಂಥ ಊರಲ್ಲಿ ಬೆಳಗಿನ ಜಾವವೇ ಚಾರ್ಜಿಗೆ ಮೇಲು.

ಬೆಂಕಿ ಅನಾಹುತಗಳಾದ ಮೇಲೆ ವಿದ್ಯುತ್ ದ್ವಿಚಕ್ರ ವಾಹನಗಳ ಬ್ಯಾಟರಿಗೆ ಸರಕಾರ 2022ರ ಡಿಸೆಂಬರಿನಿಂದ ಪರೀಕ್ಷೆ ಬಿಗಿಗೊಳಿಸಿತು. ಆದರೆ 250 ವಾಟಿಗೂ 25 ಕಿ.ಮೀ. ವೇಗಕ್ಕೂ ಒಳಗಿನ ಸೈಕಲ್ಲಿಗೆ ನೋಂದಣಿಯೇ ಇಲ್ಲ. ಅದಕ್ಕೆ ನಾವು ಸಿಕ್ಕಿಸುವ ಪೆಟ್ಟಿಗೆಯನ್ನು ಕೇಳುವವರೂ ಇಲ್ಲ. ಗೊಬ್ಬರ, ಮೈಲುತುತ್ತ ಮಾರುವ ಸಂಘದ ಮಳಿಗೆಯಲ್ಲಿ ಸರಿಯಾದ ಡಿ.ಸಿ. ಫ್ಯೂಸೂ ರಿಲೇಯೂ ಸಿಗಲಿ ಎಂದು ಆಡಳಿತ ಮಂಡಳಿಯನ್ನು ಕೋರುತ್ತೇವೆ.