ಬೆಡಿಯ ರಾತ್ರಿ



ಪುತ್ತೂರಿನ ಶ್ರೀ ಮಹಾಲಿಂಗೇಶ್ವರನ ಜಾತ್ರೆಯನ್ನು ಬಲ್ಲವರಿಗೆ ಏಪ್ರಿಲ್ 17ನೆಯ ತಾರೀಖಿನ ಇರುಳನ್ನು ವರ್ಣಿಸಬೇಕಾಗಿಲ್ಲ. ಬ್ರಹ್ಮರಥೋತ್ಸವದ ಆ ರಾತ್ರಿ ದೇವಾಲಯದ ಗದ್ದೆಯಲ್ಲಿ ಸುಡುವ ಬಾಣಬಿರುಸುಗಳಿಗೆ ನಮ್ಮ ಸೀಮೆಯಲ್ಲಿ ‘ಪುತ್ತೂರು ಬೆಡಿ’ ಎಂದೇ ಹೆಸರು. ನನ್ನ ಅಕ್ಕನು ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಬೆಡಿಯನ್ನು ತಪ್ಪಿಸಿದವಳಲ್ಲ. ಈಚೆಗೊಂದು ವರ್ಷ ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದಳು. “ತಮ್ಮಾ, ನಿನ್ನ ಮಗ ಕೊಟ್ಟ ಕ್ಯಾಮರಾವನ್ನು ಪೆಟ್ಟಿಗೆಯೊಳಗೆ ಇಟ್ಟು ಏನು ಮಾಡುತ್ತೀ? ನನಗೆ ಬೆಡಿಯ ಪಟ ತೆಗೆದು ತಾ” ಎಂದಳು. ಮೂವತ್ತೈದು ವರ್ಷ ಮಕ್ಕಳಿಗೆ ಶಬ್ದಮಂಜರಿಯನ್ನು ಬಾಯಿಪಾಠ ಮಾಡಿಸಿದವನಿಗೆ ಇದು ಹೊಸ ಪಾಠ. ಆದರೂ ಒಪ್ಪಿಕೊಂಡೆನು.

ಕತ್ತಲೆಯಲ್ಲಿ ಪಟ ತೆಗೆಯಬೇಕಾದರೆ ಯಂತ್ರವು ಬೆಳಕನ್ನು ಹೀರುವ ಶಕ್ತಿಯನ್ನು ಹೆಚ್ಚಿಸಬೇಕೆಂದು ಯಾರಿಗಾದರೂ ತೋರುವುದು. ಬೆಡಿಯ ವಿಷಯದಲ್ಲಿ ಇದು ವಿಪರೀತ. ಕಿಡಿಯು ತಾನೇ ದೀಪವಾಗಿರುವುದಷ್ಟೆ! ಆದುದರಿಂದ ಐ.ಎಸ್.ಒ. ಸಂಖ್ಯೆಯನ್ನು 100ಕ್ಕೆ ಇಳಿಸಿ, ಬೆಳಕಿನ ದ್ವಾರವನ್ನು ಎಫ್ 8ರಿಂದ 11ರವರೆಗೆ ಕಿರಿದು ಮಾಡಿ, ಎರಡರಿಂದ ಐದು ಸೆಕೆಂಡು ತೆರೆದಿಡತಕ್ಕದ್ದು. ಅಷ್ಟು ಹೊತ್ತು ಕೈ ನಿಲ್ಲಲಾರದು. ಮೂರು ಕಾಲಿನ ಟ್ರೈಪಾಡ್ ಬೇಕೇ ಬೇಕು. ಫೋಕಸ್ಸನ್ನು ಯಂತ್ರದ ಇಷ್ಟಕ್ಕೆ ಬಿಟ್ಟರೆ ಅದು ಕತ್ತಲೆಯಲ್ಲಿ ತಡಕಾಡುತ್ತಿರುವಾಗಲೇ ಬೆಡಿಯು ಮುಗಿದುಹೋಗುವುದು. ದೂರದ ಒಂದು ದೀಪಕ್ಕೆ ಮೊದಲೇ ಹೊಂದಿಸಿ ಹಾಗೆಯೇ ಬಿಡಬೇಕು.

ಇಷ್ಟನ್ನೂ ಮಾಡಿದೆನು. ಗಾಳಿಯನ್ನು ಮಾತ್ರ ಮರೆತೆನು.

ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಹಗಲೆಲ್ಲ ಬೇಗೆ. ಸಂಜೆಗೆ ಘಟ್ಟದ ಕಡೆಯಿಂದ ಮೋಡವು ಏರಿ ಬಂದರೂ ಬಂತು, ಬಾರದಿದ್ದರೂ ಇಲ್ಲ. ಅಂದು ನಕ್ಷತ್ರಗಳು ಕಾಣುತ್ತಿದ್ದುವು. ಗಂಧಕ, ಇದ್ದಿಲು, ಪೆಟ್ಲುಪ್ಪುಗಳ ವಿದ್ಯೆಯು ನಮ್ಮಲ್ಲಿ ಹಳೆಯದೆಂದೂ, 1497ರಲ್ಲಿ ಪಟ್ಟಕ್ಕೆ ಬಂದ ಗಜಪತಿ ಪ್ರತಾಪರುದ್ರದೇವನ ‘ಕೌತುಕಚಿಂತಾಮಣಿ’ಯಲ್ಲಿ ಬಾಣಬಿರುಸುಗಳನ್ನು ಮಾಡುವ ವಿಧಿಗಳಿರುವುವೆಂದೂ, ಕೊಡೆ ಹಿಡಿದು ಜತೆಗೆ ಬಂದಿದ್ದ ಅಕ್ಕನ ಮೊಮ್ಮಗನಿಗೆ ಬೋಧಿಸುತ್ತ ನಿಂತಿದ್ದೆನು. ಮೇಷ್ಟರ ಚಾಳಿ! ಅಷ್ಟರಲ್ಲಿ ಮೊದಲ ನಾಲ್ಕಾರು ಬಾಣಗಳು ಸಿಡಿದುಹೋದುವು. ಚೆನ್ನಾಗಿ ಬರುವ ಪಟಗಳು ಅವುಗಳವೇ, ಏಕೆಂದರೆ ಆಗ ಆಕಾಶದಲ್ಲಿ ಹೊಗೆಯಿರುವುದಿಲ್ಲ. ನಾನು ನಿಂತದ್ದೋ ಗಾಳಿಯು ಹೊಗೆಯನ್ನು ತಳ್ಳುವ ದಿಕ್ಕಿನಲ್ಲಿ. ಗಾಳಿಯನ್ನು ಬೆನ್ನಿಗೆ ಮಾಡಿಕೊಂಡು ನಿಂತಿದ್ದರೆ ಹೊಗೆಯು ನನ್ನಿಂದಾಚೆಗೆ ಹೋಗುತ್ತಿತ್ತು. ಸೆಕೆ ಹೆಚ್ಚಿ ಗಾಳಿಯು ಮಂದವಾದೊಡನೆ ಅದು ತೆರೆಯಂತೆ ನಿಂತೇಬಿಟ್ಟಿತು. ತೆರೆಯ ಹಿಂದೆ ಸ್ಟ್ರಾನ್ಷಿಯಂ ಕೊಡುವ ಕೆಂಪೂ ಬೇರಿಯಂ ಕೊಡುವ ಹಸಿರೂ ಒಂದೇ ಕೊಳೆಯ ಬಣ್ಣವಾದುವು.

ಬಳಿಕ ಹನಿ ಬಿದ್ದಿತು. ಗಾಜಿನ ಮೇಲೆ ಒಂದು ಹನಿಯಿದ್ದರೂ ಪ್ರತಿಯೊಂದು ಕಿಡಿಯ ಸುತ್ತಲೂ ಮಸುಕು ಪರಿವೇಷ ಹುಟ್ಟುವುದು. ಹಳೆಯ ಪಂಚೆಯ ಚೂರಿನಿಂದ ಒರೆಸುತ್ತ, ಕೊಡೆಯನ್ನು ಯಂತ್ರದ ಮೇಲೆ ಹಿಡಿಸಿಕೊಂಡು, ಕಡೆಯ ಮಹಾಸ್ಫೋಟಕ್ಕಾಗಿ ಕಾದೆನು. ಅಕ್ಕನಿಗೆ ಅದನ್ನೇ ತೋರಿಸಬೇಕೆಂದು ಆಸೆ.

“ಅಜ್ಜಾ, ಈಗ ಕೇಳಿದ್ದು ಬೆಡಿಯಲ್ಲ, ಗುಡುಗು” ಎಂದನು ಹುಡುಗ.

ನಾನು ಕೇಳಲಿಲ್ಲ. ಬಯಲು ಗದ್ದೆ, ಲೋಹದ ಟ್ರೈಪಾಡ್, ಹತ್ತು ವರ್ಷದ ಹುಡುಗನ ಕೈಯಲ್ಲಿ ಉಕ್ಕಿನ ಕಡ್ಡಿಯ ಕೊಡೆ: ಗುಡುಗು ಕೇಳಿದೊಡನೆ ಎಲ್ಲವನ್ನೂ ಬಿಟ್ಟು ಕಟ್ಟಡದೊಳಕ್ಕೆ ಹೋಗತಕ್ಕದ್ದೆಂದು ತರಗತಿಯಲ್ಲಿ ನಾನೇ ಎಷ್ಟು ಸಲ ಹೇಳಿಲ್ಲ! “ಇನ್ನೊಂದೇ ಒಂದು” ಎಂದು ಗುಂಡಿಯನ್ನೊತ್ತಿದೆನು. ಲೋಕವೆಲ್ಲ ಒಮ್ಮೆ ಬೆಳ್ಳಗಾಯಿತು. ಆ ಶಬ್ದಕ್ಕೆ ಹುಡುಗನು ಕೊಡೆಯನ್ನು ಬಿಟ್ಟು ನನ್ನ ಸೊಂಟವನ್ನು ತಬ್ಬಿಕೊಂಡನು. ಅವನನ್ನು ಎತ್ತಿಕೊಂಡೇ ಹತ್ತಿರದ ಒಂದು ಮನೆಯ ಜಗುಲಿಗೆ ಓಡಿದೆನು. ಟ್ರೈಪಾಡನ್ನು ಮಳೆ ನಿಂತ ಮೇಲೆ ಯಾರೋ ಪುಣ್ಯಾತ್ಮರು ತಂದುಕೊಟ್ಟರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುದಿನ ಪಟಗಳನ್ನು ಅಕ್ಕನ ಮುಂದಿಟ್ಟೆನು. ನೋಡತಕ್ಕಂತಹವು ಎರಡೇ. ಅವನ್ನು ಆಕೆ ಬೇಗನೆ ಬದಿಗಿಟ್ಟಳು.

“ಕೊನೆಯಲ್ಲಿ ಒಂದು ಬೆಡಿ ಹೊಡೆಯಿತಲ್ಲ, ನನ್ನ ಕಿಟಕಿ ಅದುರಿತು. ಅದೆಲ್ಲಿ?”

“ಅದು ಸಿಡಿಲು, ಅಕ್ಕಾ” ಎಂದು ಕಡೆಯ ಪಟವನ್ನು ಕೊಟ್ಟೆನು. ಅದರಲ್ಲಿ ಬೆಡಿಯ ಸುಳಿವೇ ಇರಲಿಲ್ಲ. ಮಿಂಚಿನ ಬೆಳಕಿನಲ್ಲಿ ಗದ್ದೆ, ತೆಂಗಿನ ಮರಗಳು, ನೂರಾರು ಕೊಡೆಗಳು, ಅವುಗಳಾಚೆ ರಥ, ಎಲ್ಲವೂ ಹಗಲಿನಂತೆ ಬಿದ್ದಿದ್ದುವು. ಅಕ್ಕನು ಕನ್ನಡಕವನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದಳು.

“ರಥ ಒದ್ದೆಯಾಯಿತೇ?” ಎಂದಳು. ಬಳಿಕ ತಲೆಯೆತ್ತಿ, “ಆಗ ಹುಡುಗ ಎಲ್ಲಿದ್ದ?” ಎಂದು ಕೇಳಿದಳು.

ನಾನು ನಿಜವನ್ನೇ ಹೇಳಿದೆನು. ಎರಡು ದಿನ ಆಕೆ ನನ್ನೊಡನೆ ಮಾತನಾಡಲಿಲ್ಲ. ಪಟವನ್ನು ಮಾತ್ರ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು.