ಮೂರು ತಿಂಗಳ ಬಿಡಾರ

ಉಗರಗೋಳದ ಭಕ್ತರೊಬ್ಬರು ಕಳೆದ ತಿಂಗಳು ನಮ್ಮಲ್ಲಿಗೆ ಬಂದಿದ್ದರು. ಅವರ ಧರ್ಮಪತ್ನಿಗೆ ಅರ್ಬುದ ರೋಗ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಚಿಕಿತ್ಸೆ ನಿಶ್ಚಯವಾಗಿತ್ತು. ವಾರಕ್ಕೆ ಐದು ದಿನದಂತೆ ಆರು ವಾರ ವಿಕಿರಣ. ಮುಂಚಿನ ತಪಾಸಣೆ, ಬಳಿಕದ ಚೇತರಿಕೆ ಸೇರಿ ಮೂರು ತಿಂಗಳು ಅಲ್ಲಿಯೇ ಇರಬೇಕು. ಅಷ್ಟು ದಿನ ಲಾಡ್ಜಿನಲ್ಲಿ ಇರುವ ಶಕ್ತಿ ಅವರಿಗಿಲ್ಲ. ರೋಗಿಗೆ ಗಂಜಿ ಕಾಯಿಸಲೂ ಅಲ್ಲಿ ಅನುಕೂಲವಿಲ್ಲ. ಪರಿಚಿತರೊಬ್ಬರು ಅಪಾರ್ಟ್‌ಮೆಂಟಿನ ತಮ್ಮ ಖಾಲಿ ಮನೆಯನ್ನು ಕೊಡಲು ಒಪ್ಪಿದರು. ಒಪ್ಪದವರು ಆ ಕಟ್ಟಡದ ಮಾಲೀಕರ ಸಂಘದವರು. ಹನ್ನೊಂದು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೂಡದೆಂದು ಅವರ ಠರಾವು.

“ಗುರುಗಳ್ರೀ, ಒಂದು ಖಡಕ್ ಪತ್ರ ಬರದ ಕೊಡ್ರಿ” ಎಂದರು. ನಾವು ಬರೆಯಲಿಲ್ಲ. ಸಂಘದವರ ಭಯವೇನೆಂದು ಮೊದಲು ಕೇಳಿ ಬರಲು ಹೇಳಿದೆವು.

ಭಯ ಸುಳ್ಳಾಗಿರಲಿಲ್ಲ. ಹಿಂದೆ ಯಾರೋ ಅಲ್ಲಿ ದಿನಬಾಡಿಗೆಗೆ ಮನೆ ಕೊಟ್ಟಿದ್ದರಂತೆ. ವಾರಕ್ಕೊಂದು ಹೊಸ ಮುಖ, ಮಧ್ಯರಾತ್ರಿಯ ಗದ್ದಲ. ಅದನ್ನು ತಡೆಯಲು ಹಾಕಿದ ಬೇಲಿ ಇದು.

ಉಗರಗೋಳದವರಿಗೆ ಇದು ಅರ್ಥವಾಗದ ಮಾತಲ್ಲ. ಎಲ್ಲಮ್ಮನ ಗುಡ್ಡದ ಮಗ್ಗುಲಿನ ಊರು ಅದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜನಜಂಗುಳಿಯನ್ನು ಬಲ್ಲವರು ಅವರು. ಒಂದು ರಾತ್ರಿ ತಂಗಿ ಹೋದವನ ಒಲೆಯ ಬೂದಿಯನ್ನು ಯಾರು ಬಳಿಯಬೇಕೆಂಬ ಜಗಳವನ್ನೂ ಬಲ್ಲರು. ಆದರೆ ಮೂರು ತಿಂಗಳು ಇರುವವನ ರೀತಿ ಬೇರೆ. ಅವನಿಗೆ ನೆರೆಯವರ ಹೆಸರು ತಿಳಿಯುತ್ತದೆ, ನೆರೆಯವರಿಗೆ ಅವನ ಕಷ್ಟ ತಿಳಿಯುತ್ತದೆ. ಈ ಭೇದವನ್ನೇ ಪತ್ರದ ತಿರುಳಾಗಿ ಇಡಿಸಿದೆವು. ಪತ್ರಕ್ಕೆ ಸಹಿ ಹಾಕಬೇಕಾದವರು ಮನೆಯ ಮಾಲೀಕರು. ಸಂಘದ ಸದಸ್ಯರು ಅವರೇ ಹೊರತು ಬಾಡಿಗೆಗೆ ಬರುವವರಲ್ಲ.

ಹನ್ನೊಂದು ತಿಂಗಳೆಂಬುದು ಎಲ್ಲಿಂದ ಬಂತು? 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು ತಪ್ಪಿಸಲು 11 ತಿಂಗಳ ಕರಾರು ರೂಢಿಗೆ ಬಂದಿತು. ಅದಕ್ಕಿಂತ ಕಡಿಮೆ ಕೂಡದೆಂದು ಆ ಕಾಯ್ದೆ ಹೇಳುವುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾ ಪತ್ರಕ್ಕೆ ಲಗತ್ತಾಗುವ ನಿಯಮಾವಳಿಯನ್ನೂ ತರಿಸಿ ಓದಿದೆವು. ಅದರಲ್ಲಿ ಈ ನಿರ್ಬಂಧವಿರಲಿಲ್ಲ, ಸಮಿತಿಯ ಠರಾವಿನಲ್ಲಷ್ಟೇ ಇತ್ತು. ಇದನ್ನು ಸಭೆಯಲ್ಲಿ ಎತ್ತಿ ಆಡದೆ, ಅಧ್ಯಕ್ಷರ ಮನೆಗೆ ಹೋಗಿ ಮೆಲ್ಲಗೆ ಹೇಳಿರೆಂದು ಮಾಲೀಕರಿಗೆ ತಿಳಿಸಿದೆವು. ನಾಲ್ವರ ಮುಂದೆ ತಪ್ಪು ತೋರಿಸಿದರೆ ಒಪ್ಪುವ ಅಧ್ಯಕ್ಷರು ವಿರಳ.

ಮಾಲೀಕರು ತಾವಾಗಿಯೇ ಕೆಲವು ಮಾತು ಕೊಟ್ಟರು: ಮೂರು ತಿಂಗಳಿಗೆ ಕಡಿಮೆ ಯಾರಿಗೂ ಕೊಡುವುದಿಲ್ಲ, ಬರುವವರ ಗುರುತಿನ ಪ್ರತಿಯನ್ನು ಮುಂಚಿತವಾಗಿ ಸಂಘಕ್ಕೆ ಒಪ್ಪಿಸುತ್ತೇವೆ, ಕೆಟ್ಟದ್ದಕ್ಕೆ ನಾವೇ ಹೊಣೆ, ಒಂದು ವರ್ಷ ಪರೀಕ್ಷಿಸಿ ನೋಡಿರಿ.

ಓದುಗ ಬಂಧುಗಳಲ್ಲಿ ಇಂಥ ಸಂಘಗಳ ಪದಾಧಿಕಾರಿಗಳೂ ಇದ್ದೀರಿ. ನಿಮ್ಮ ಮುಂದೆ ಇಂಥದೊಂದು ಅರ್ಜಿ ಬಂದರೆ, ಅವಧಿಯನ್ನು ಎಣಿಸುವ ಮುನ್ನ ಬರುವವರು ಯಾರು, ಏತಕ್ಕಾಗಿ ಎಂದು ಒಮ್ಮೆ ವಿಚಾರಿಸಿರಿ.

ಸಮಿತಿಯವರು ಈ ಕುಟುಂಬಕ್ಕೆ ಮೂರು ತಿಂಗಳ ಅನುಮತಿ ಕೊಟ್ಟಿದ್ದಾರೆ. ಠರಾವನ್ನು ಬದಲಿಸುವ ವಿಚಾರವನ್ನು ವಾರ್ಷಿಕ ಸಭೆಗೆ ಬಿಟ್ಟಿದ್ದಾರೆ. ಆ ತಾಯಿ ಕಳೆದ ಸೋಮವಾರ ರೊಟ್ಟಿಯ ಹಂಚನ್ನೂ ಕಟ್ಟಿಕೊಂಡು ಬೆಂಗಳೂರಿಗೆ ಹೋದರು.